ಎಂಟು ತುಂಡು ಮಾಡಿದ ಕಂಬ

ಒಂದು ಉದ್ದನೆಯ ಕಂಬ ಇತ್ತು. ಅದನ್ನು ನಾನು ಎಂಟು ತುಂಡು ಮಾಡಿದೆ. ಯಾರೂ ನನ್ನ ಕೈ ತಿರುಚಿ ಮಾಡಿಸಲಿಲ್ಲ. ಕುರ್ಚಿಯಲ್ಲಿ ಕೂತು, ಫ್ಯಾನಿನ ಗಾಳಿಗೆ ಮುಖ ಕೊಟ್ಟು, ಟೀ ಕುಡಿಯುತ್ತಾ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವಾಗ ನಾನು ಒಳ್ಳೆಯವಳು ಅಂತ ಯಾರಿಗಾದರೂ ಅನ್ನಿಸಿದರೆ ಅದು ಅವರ ತಪ್ಪು.

ನನ್ನದು ದೊಡ್ಡ ಆಸ್ಪತ್ರೆಯೊಂದರ ಕಚೇರಿಯಲ್ಲಿ ಅಂಕಿಅಂಶದ ಕೆಲಸ. ಎಷ್ಟು ಮಂಚ ತುಂಬಿವೆ, ಎಷ್ಟು ಜನ ಗುಣವಾಗಿ ಹೋದರು, ಎಷ್ಟು ಜನ ಹೆಣವಾಗಿ ಹೋದರು, ಎಲ್ಲ ಲೆಕ್ಕ ನನ್ನ ಮೇಜಿಗೆ ಬರುತ್ತದೆ. ನಾನು ಅದನ್ನು ಚಾರ್ಟ್ ಮಾಡಿ ಕೊಡುತ್ತೇನೆ. ದೊಡ್ಡವರಿಗೆ ಅಂಕಿ ಓದುವ ಪುರುಸೊತ್ತಿಲ್ಲ. ಅವರಿಗೆ ಚಿತ್ರ ಬೇಕು.

ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಒಂದರ ಪಕ್ಕ ಒಂದನ್ನಿಟ್ಟು ಯಾವುದು ಹೆಚ್ಚು ಅಂತ ತೋರಿಸಬೇಕಾದರೆ ಕಂಬಗಳ ಚಾರ್ಟ್. ತಿಂಗಳು ತಿಂಗಳು ಏರಿತೋ ಇಳಿಯಿತೋ ಅಂತ ತೋರಿಸಲು ಗೆರೆ. ಒಟ್ಟಿನಲ್ಲಿ ಯಾರ ಪಾಲೆಷ್ಟು ಅನ್ನಲು ದುಂಡನೆಯ ಪೈ, ಅದೂ ಮೂರು ನಾಲ್ಕು ಪಾಲಿದ್ದರೆ ಮಾತ್ರ. ಬಣ್ಣ ಕಡಿಮೆ ಇರಬೇಕು. ಕಂಬಗಳ ಬುಡ ಸೊನ್ನೆಯಿಂದಲೇ ಶುರುವಾಗಬೇಕು. ಒಳ್ಳೆಯ ಚಾರ್ಟನ್ನು ನೋಡಿದವರಿಗೆ ಹೇಳಬೇಕಾದ ಒಂದು ಮಾತು ಒಂದೇ ನೋಟಕ್ಕೆ ತಲುಪಬೇಕು. ಹೊಸಬರಿಗೆ ಇದನ್ನೆಲ್ಲ ಕಲಿಸುವವಳು ನಾನೇ. ಗೊತ್ತಿಲ್ಲದೆ ಮಾಡಿದೆ ಅನ್ನುವ ಹಾಗೂ ಇಲ್ಲ.

ನನ್ನ ಕಚೇರಿ ಎರಡನೇ ಮಹಡಿಯಲ್ಲಿ. ನೆಲದ ಕೆಳಗೆ ಬಟ್ಟೆ ತೊಳೆಯುವ ವಿಭಾಗ. ಅಲ್ಲಿ ಮೂವತ್ತೆರಡು ಹೆಂಗಸರು, ಎಲ್ಲರೂ ಗುತ್ತಿಗೆಯವರು. ಅವರಲ್ಲಿ ಒಬ್ಬಳು ನನ್ನ ಚಿಕ್ಕಮ್ಮ. ಅಮ್ಮ ಸತ್ತಾಗ ನನಗೆ ನಾಲ್ಕು ವರ್ಷ. ಅಂದಿನಿಂದ ಸಾಕಿದ್ದು ಚಿಕ್ಕಮ್ಮನೇ. ನಾನು ಓದಿದ ಒಂದೊಂದು ತರಗತಿಯೂ ಅವಳು ಒಗೆದ ಹಾಸಿಗೆ ಬಟ್ಟೆಯ ಮೇಲೆ ನಿಂತಿದೆ. ನಾನು ಸದಾ ಸ್ಕೇಲು ಹಿಡಿದು ಗೀಟೆಳೆಯುತ್ತಿದ್ದೆ ಅಂತ ಕೆಳಗಿನವರೆಲ್ಲ ನನಗಿಟ್ಟ ಹೆಸರು ಗೀಟಮ್ಮ. ಶಾಲೆ ಮುಗಿಸಿ ಅಲ್ಲೇ ಬಟ್ಟೆ ರಾಶಿಯ ಪಕ್ಕ ಕೂತು ಬರೆಯುತ್ತಿದ್ದವಳು ನಾನು.

ಮೇಲಿನ ವಾರ್ಡುಗಳಿಂದ ಬಟ್ಟೆಯ ಗಂಟುಗಳು ತಗಡಿನ ಕೊಳವೆಯಲ್ಲಿ ಕೆಳಗೆ ಬೀಳುತ್ತವೆ. ದೊಪ್ಪೆಂದು. ಹೆಂಗಸರು ಗಂಟು ಬಿಚ್ಚಿ ಒಂದೊಂದೇ ಬಟ್ಟೆ ಕೊಡವಿ ನೋಡಬೇಕು. ರಕ್ತ, ಕೀವು, ಹೇಲು, ವಾಂತಿ. ಅದಕ್ಕೆ ಅವರು ಹೇಸುವುದಿಲ್ಲ. ಅವರು ಹೆದರುವುದು ಸೂಜಿಗೆ. ಮೇಲೆ ಯಾರೋ ಅವಸರದಲ್ಲಿ ಇಂಜೆಕ್ಷನ್ ಕೊಟ್ಟು ಸೂಜಿಯನ್ನು ಹಾಸಿಗೆಯ ಮೇಲೇ ಬಿಟ್ಟಿರುತ್ತಾರೆ. ಅದು ಬಟ್ಟೆಯ ಮಡಿಕೆಯಲ್ಲಿ ಕೂತು ಕಾಯುತ್ತಿರುತ್ತದೆ. ಇವರಿಗೆ ಕೊಡುವ ಕೈಗವಸು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಹರಿದು ಚೂರಾಗುತ್ತದೆ. ಸೂಜಿ ಚುಚ್ಚಿದರೆ ನಲ್ಲಿಯ ಕೆಳಗೆ ಬೆರಳು ಹಿಡಿದು ಹಿಂಡಬೇಕು, ಒಂದು ಚಿಂದಿ ಸುತ್ತಿಕೊಳ್ಳಬೇಕು, ಮುಂದಿನ ಗಂಟು ಬಿಚ್ಚಬೇಕು.

ಸಿಬ್ಬಂದಿಯ ಲಿಫ್ಟಿಗೆ ಇವರು ಹತ್ತುವ ಹಾಗಿಲ್ಲ. ಕೊಳೆ ಬಟ್ಟೆ ಹೊತ್ತವರಿಗೆ ಪ್ರವೇಶವಿಲ್ಲ ಅಂತ ಬೋರ್ಡಿದೆ. ಬರಿಗೈಯಲ್ಲಿ ಬಂದರೂ ಪ್ರವೇಶವಿಲ್ಲ. ಅದನ್ನು ಬೋರ್ಡಿನಲ್ಲಿ ಬರೆದಿಲ್ಲ, ಅಷ್ಟೇ.

ಹೋದ ವರ್ಷ ತಪಾಸಣೆ ಸಮಿತಿ ಬರುವುದಿತ್ತು. ಒಂದು ವರ್ಷದಲ್ಲಿ ಯಾರು ಯಾರಿಗೆ ಎಷ್ಟು ಸಲ ಸೂಜಿ ಚುಚ್ಚಿದೆ ಅಂತ ತೋರಿಸಬೇಕಾಗಿತ್ತು. ರಿಜಿಸ್ಟರ್ ನೋಡಿ ಚಾರ್ಟ್ ಮಾಡಿದೆ. ಡಾಕ್ಟರುಗಳು ಒಂಬತ್ತು. ಪ್ರಯೋಗಾಲಯದವರು ಎಂಟು. ನರ್ಸುಗಳು ಇಪ್ಪತ್ತೆರಡು. ಬಟ್ಟೆ ವಿಭಾಗ ನಲವತ್ತೊಂದು. ನಾಲ್ಕು ಕಂಬ. ನಾಲ್ಕನೆಯದು ಉಳಿದ ಮೂರರ ನೆತ್ತಿಯ ಮೇಲೆ ಎದ್ದು ನಿಂತಿತ್ತು. ಕುರುಡನಿಗೂ ಕಾಣುವ ಹಾಗೆ.

ಆಡಳಿತಾಧಿಕಾರಿ ಅದನ್ನು ನೋಡಿ ಕನ್ನಡಕ ತೆಗೆದರು. ಅವರನ್ನು ನಾವೆಲ್ಲ ಬರೀ ಸಾರ್ ಅನ್ನುತ್ತೇವೆ.

"ಏನಮ್ಮ ಇದು? ಕಣ್ಣಿಗೆ ಹೊಡೆಯುತ್ತಲ್ಲ."

"ಅಂಕಿ ಸರಿಯಿದೆ ಸಾರ್."

"ಸರಿ ಇರ್ಲಿ. ಸುಳ್ಳು ಬರಿ ಅಂತ ನಾನೂ ಹೇಳಲ್ಲ. ಸುಳ್ಳು ನಂಗಾಗಲ್ಲ. ಆದ್ರೆ ಇದನ್ನ ನೋಡಿದ್ರೆ ಸಮಿತಿಯೋರು ಸೀದಾ ಕೆಳಗಿಳೀತಾರೆ. ಮೂವತ್ತೆರಡು ಗುತ್ತಿಗೆಯೋರಿಗೆ ಲಸಿಕೆ, ಕೈಗವಸು, ಅದು ಇದು ಅಂತ ಶುರುವಾಗುತ್ತೆ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಬೇರೆ ಥರ ತೋರ್ಸಕ್ಕಾಗಲ್ವಾ?"

ನನ್ನನ್ನು ಖಾಯಂ ಮಾಡುವ ಫೈಲು ಅವರ ಮೊಣಕೈ ಪಕ್ಕದಲ್ಲೇ ಇತ್ತು. ಅವರು ಅದನ್ನು ತೋರಿಸಲಿಲ್ಲ. ತೋರಿಸಬೇಕಾಗಿಯೂ ಇರಲಿಲ್ಲ.

"ಕೆಲಸವಾರು ಬಿಡಿಸಿ ತೋರಿಸಬಹುದು ಸಾರ್," ಅಂದೆ.

ಉಪಾಯ ಅವರದಲ್ಲ. ನನ್ನದು.

ಮೇಜಿಗೆ ಬಂದು ನಲವತ್ತೊಂದನ್ನು ಒಡೆದೆ. ಗಂಟು ಬಿಚ್ಚುವವರು ಹಗಲು ಪಾಳಿ, ಒಂಬತ್ತು. ಗಂಟು ಬಿಚ್ಚುವವರು ಇರುಳು ಪಾಳಿ, ಎಂಟು. ತೊಳೆಯುವುದು ಆರು, ಹಿಂಡುವುದು ನಾಲ್ಕು, ಒಣಗಿಸುವುದು ಮೂರು, ಇಸ್ತ್ರಿ ಎರಡು, ಮಡಿಸುವುದು ಮೂರು, ಸಾಗಿಸುವುದು ಆರು. ಕೂಡಿ ನೋಡಿ, ನಲವತ್ತೊಂದೇ. ಒಂದು ಅಂಕಿಯೂ ಸುಳ್ಳಲ್ಲ. ಈಗ ಚಾರ್ಟಿನಲ್ಲಿ ಎಲ್ಲಕ್ಕಿಂತ ಎತ್ತರದ ಕಂಬ ನರ್ಸುಗಳದ್ದು. ಬಲತುದಿಯಲ್ಲಿ ಎಂಟು ಮೋಟುಗಳು. ಆ ಮೋಟುಗಳಿಗೆ ತೆಳು ಬೂದಿ ಬಣ್ಣ ಹಾಕಿದೆ. ಬಣ್ಣ ಹೀಗೆ ಹಾಕು ಅಂತಲೂ ಯಾರೂ ಹೇಳಿರಲಿಲ್ಲ.

ಸಮಿತಿಯ ಮುಖ್ಯಸ್ಥೆ ನರೆಗೂದಲಿನ ಡಾಕ್ಟರಮ್ಮ. ಚಾರ್ಟ್ ಪರದೆಯ ಮೇಲೆ ಬಂದಾಗ ಅವರು ನೋಡಿದ್ದು ಎಂಟೋ ಒಂಬತ್ತೋ ಸೆಕೆಂಡು. ಬೆರಳು ಸೀದಾ ನರ್ಸುಗಳ ಕಂಬಕ್ಕೆ ಹೋಯಿತು. ನರ್ಸುಗಳಿಗೆ ಕಾಮಾಲೆಯ ಲಸಿಕೆ ಕೊಡಬೇಕು, ದಪ್ಪ ಕೈಗವಸು ಕೊಡಬೇಕು ಅಂತ ಬರೆದುಕೊಂಡರು. ನರ್ಸುಗಳಿಗೆ ಅದು ಬೇಕೇ ಬೇಕಿತ್ತು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಕೊನೆಯ ಸಾಲು ಹೀಗಿತ್ತು: ಉಳಿದ ಸಣ್ಣ ವಿಭಾಗಗಳನ್ನು ಮುಂದಿನ ವರ್ಷ ಗಮನಿಸಬಹುದು. ಸಾರ್ ನನ್ನ ಬೆನ್ನು ತಟ್ಟಿದರು. ಎರಡು ವಾರದಲ್ಲಿ ನಾನು ಖಾಯಂ ಆದೆ. ಚಿಕ್ಕಮ್ಮ ಬೀದಿಯವರಿಗೆಲ್ಲ ಸಕ್ಕರೆ ಹಂಚಿದಳು.

ಅದಾಗಿ ಎರಡು ತಿಂಗಳಿಗೆ ಅವಳಿಗೆ ಚುಚ್ಚಿತು.

ಚುಚ್ಚಿದ ದಿನವೇ ಬಂದು ರಿಜಿಸ್ಟರಿನಲ್ಲಿ ಬರೆಸಬೇಕು ಅಂತ ನಿಯಮ. ಅದನ್ನು ಮಾಡಿದವಳೂ ನಾನೇ. ಚಿಕ್ಕಮ್ಮ ಹಿಂದಿನ ಇಳಿಜಾರು ದಾರಿ ಹತ್ತಿ, ಎರಡು ಮಹಡಿ ಮೆಟ್ಟಿಲೇರಿ ಬಂದಳು. ತೊಟ್ಟ ಬಟ್ಟೆ ಒದ್ದೆ. ಎಡಗೈ ಹೆಬ್ಬೆರಳಿಗೆ ಚಿಂದಿ. ಕಚೇರಿಯಲ್ಲಿ ಸಾರ್ ಇದ್ದರು, ಹೊರಗಿನವರು ಇಬ್ಬರಿದ್ದರು. ಒಬ್ಬರು ಮೂಗಿಗೆ ಕರ್ಚೀಫು ಹಿಡಿದರು. ಚಿಕ್ಕಮ್ಮ ಹೊಸಿಲಾಚೆಯೇ ನಿಂತಳು. ನನ್ನನ್ನು ನೋಡಿ ಬಾಯಿ ತೆರೆದಳು. ಮನೆಯಲ್ಲಿ ಕರೆಯುವ ಹಾಗೆ ಕರೆದುಬಿಡುತ್ತಾಳೆ ಅಂತ ಹೆದರಿದೆ.

ಅವಳು ಕರೆಯುವ ಮೊದಲೇ ನಾನು ಕೇಳಿದೆ. "ಹೆಸರು ಹೇಳಿಯಮ್ಮ."

ಚಿಕ್ಕಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಹೆಸರು ಹೇಳಿದಳು. ಅವಳ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ವಿಭಾಗ?"

"ಬಟ್ಟೆ."

"ಬಟ್ಟೆಯಲ್ಲಿ ಯಾವ ಕೆಲಸ?"

"ಎಲ್ಲಾ ಮಾಡ್ತೀನಲ್ಲಮ್ಮ. ಬೆಳಗ್ಗೆ ಗಂಟು ಬಿಚ್ದೆ. ಆಮೇಲೆ ಮಿಷನ್ನಿಗೆ ತುಂಬ್ತಾ ಇದ್ದೆ, ಆಗ ಚುಚ್ತು. ಮಧ್ಯಾಹ್ನ ಮಡಿಸಕ್ಕೆ ಕೂರ್ತೀನಿ."

"ಒಂದೇ ಹೇಳಬೇಕು."

"ಯಾವುದಾದ್ರೂ ಬರ್ಕೊಳಿ," ಅಂದಳು. ಬರ್ಕೊಳಿ. ನನಗೆ ಬಹುವಚನ ಹಚ್ಚಿ ಮಾತಾಡಿದಳು ಚಿಕ್ಕಮ್ಮ.

'ತೊಳೆಯುವುದು' ಅಂತ ಬರೆದೆ. ಅವಳು ಹೋದಮೇಲೆ ಬಾಗಿಲ ಹತ್ತಿರ ನೆಲ ಒರೆಸಿಸಿದರು. ಅವತ್ತು ಸಂಜೆ ಮನೆಯಲ್ಲಿ ಏನಾದರೂ ಅನ್ನುತ್ತಾಳೆ ಅಂತ ಕಾದೆ. ಬೈಯಲಿ, ನಾಲ್ಕು ಬಾರಿಸಲಿ ಅಂತ ಆಸೆಪಟ್ಟೆ. ಅವಳು ಊಟಕ್ಕೆ ಬಡಿಸಿ, ಬಿಸಿ ಆರುವ ಮೊದಲು ಉಣ್ಣು ಅಂದಳು. ಉಂಡ ಮನೆಗೆ ಎರಡು ಬಗೆಯುವುದು ಅಂತ ಗಾದೆಯಲ್ಲಿ ಕೇಳಿದ್ದೆ. ಉಣ್ಣುತ್ತಾ ಉಣ್ಣುತ್ತಾ ಬಗೆದದ್ದು ನಾನೊಬ್ಬಳೇ ಇರಬೇಕು.

ಮೂರು ತಿಂಗಳು ಕಳೆದ ಮೇಲೆ ಅವಳ ಕಣ್ಣು ಹಳದಿಯಾಯಿತು. ಊಟ ಸೇರಲಿಲ್ಲ. ಮೆಟ್ಟಿಲು ಹತ್ತಿದರೆ ನಡುವೆ ಎರಡು ಕಡೆ ಕೂರುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದೆ. ಕಾಮಾಲೆಯಲ್ಲಿ ಕೆಟ್ಟ ಜಾತಿಯದು, ಸೂಜಿಯಿಂದ ಬರುವಂಥದ್ದು. ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು. ಕೆಲವರಿಗೆ ತಾನಾಗಿ ಹೋಗುತ್ತದಂತೆ. ಇವಳಿಗೆ ಹೋಗಲಿಲ್ಲ.

"ಇನ್ನು ಇದು ಇರುತ್ತೆ," ಅಂದರು ಡಾಕ್ಟರು. "ಲಿವರನ್ನ ಮೆಲ್ಲಗೆ ತಿನ್ನುತ್ತೆ. ಮೊದಲೇ ಮೂರು ಸಲ ಲಸಿಕೆ ಹಾಕಿಸಿದ್ರೆ ಬರ್ತಾನೇ ಇರ್ಲಿಲ್ಲ. ಆಸ್ಪತ್ರೇಲೇ ಕೆಲಸ ಮಾಡ್ತೀರಿ, ಯಾಕೆ ಹಾಕಿಸ್ಕೊಳ್ಲಿಲ್ಲ?"

ಚಿಕ್ಕಮ್ಮ ನಕ್ಕಳು. "ನಮ್ಮನ್ನ ಯಾರು ಕರೆದ್ರು ಸಾರ್?"

ನಾನು ಪರೀಕ್ಷೆಯ ಚೀಟಿ ಮಡಚಿ ಚೀಲಕ್ಕೆ ಹಾಕಿದೆ.

ನನ್ನ ಚಾರ್ಟನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ಕೆಳಗೆ ಹೋಗುವ ಮೆಟ್ಟಿಲಿನ ಹತ್ತಿರ ತೂಗುಹಾಕಿದ್ದರು. ಅದರ ಮುಂದೆ ಒಂದು ದಿನ ಗಟ್ಟಿಬಾಯಿ ನಿಂತಿದ್ದಳು. ಚಿಕ್ಕಮ್ಮನ ಜೊತೆ ಇಪ್ಪತ್ತು ವರ್ಷ ದುಡಿದವಳು. ಪಿಸುಮಾತು ಅನ್ನುವುದು ಅವಳಿಗೆ ಗೊತ್ತೇ ಇಲ್ಲ, ಅದಕ್ಕೇ ಆ ಹೆಸರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

"ಬಾ ಗೀಟಮ್ಮ. ಇದು ನಿಂದಂತೆ. ಇದ್ರಲ್ಲಿ ನಾವೆಲ್ಲಿದೀವಿ?"

ಎಂಟು ಮೋಟುಗಳನ್ನು ತೋರಿಸಿದೆ.

"ಇದೆಲ್ಲಾ ನಾವೇನಾ? ಯಾಕೆ ಹಿಂಗೆ ಚೆಲ್ಲಾಪಿಲ್ಲಿ?"

"ಕೆಲಸವಾರು ಬಿಡಿಸಿರೋದು."

"ಏನು ಕೆಲಸವಾರು! ಬೆಳಗ್ಗೆ ಬಿಚ್ಚೋಳು ನಾನು. ತೊಳೆಯೋಳು ನಾನು. ಹಿಂಡೋಳು ನಾನು. ಮಡಚಿ ತಲೆ ಮೇಲೆ ಹೊತ್ಕೊಂಡು ಹೋಗೋಳೂ ನಾನೇ. ನಿನ್ನ ಚಿಕ್ಕಮ್ಮನೂ ಅಷ್ಟೇ. ಇದು ನಿಂಗೊತ್ತಿಲ್ವಾ? ನಮ್ಮ ರಾಶಿ ಪಕ್ಕ ಕೂತು ಅಆಇಈ ಕಲ್ತೋಳು ನೀನು."

ಅವಳ ಬೆರಳು ನರ್ಸುಗಳ ಕಂಬಕ್ಕೆ ಸರಿಯಿತು.

"ಇರ್ಲಿ. ನರ್ಸಮ್ಮೋರಿಗೂ ಹಗಲು ಪಾಳಿ ಇರುಳು ಪಾಳಿ ಇದ್ಯಲ್ಲ? ಹತ್ತು ವಾರ್ಡು ಇದ್ಯಲ್ಲ? ಅವ್ರನ್ನ ಯಾಕೆ ಒಡೀಲಿಲ್ಲ?"

ಅಷ್ಟು ಓದಿದ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಸಮಿತಿಯ ಐವರೂ ಕೇಳಿರಲಿಲ್ಲ. ನರ್ಸುಗಳನ್ನು ಒಡೆಯಲು ಯಾರೂ ಹೇಳಲಿಲ್ಲ ಅಂದೆ.

"ನಮ್ಮನ್ನ ಒಡಿ ಅಂತ ಯಾರು ಹೇಳಿದ್ರು?"

"ನಾನೇ ಹೇಳಿದೆ," ಅಂದೆ.

ಗಟ್ಟಿಬಾಯಿ ಮೊದಲ ಸಲ ದನಿ ತಗ್ಗಿಸಿದಳು. "ನಿನ್ನ ಚಿಕ್ಕಮ್ಮಂಗೆ ಇದು ಗೊತ್ತಾ?"

ಅವತ್ತೇ ಹೇಳಿದೆ. ಚಿಕ್ಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಾಗದದ ಮೇಲೆ ನಾಲ್ಕು ಕಂಬದ ಚಿತ್ರ ಬರೆದೆ, ಪಕ್ಕದಲ್ಲಿ ಒಡೆದದ್ದನ್ನೂ ಬರೆದೆ. ಫೈಲಿನ ವಿಷಯ ಹೇಳಿದೆ. ಅತ್ತುಬಿಟ್ಟೆ. ಅವಳು ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದಳು.

"ನೀನು ಅಳ್ಬೇಡ," ಅಂದಳು. "ನೀನು ಅತ್ರೆ ನಾನು ಸಮಾಧಾನ ಮಾಡ್ಬೇಕಾಗುತ್ತೆ. ನಂಗೀಗ ಅಷ್ಟು ಶಕ್ತಿ ಇಲ್ಲ."

ಅಷ್ಟೇ. ಅದಕ್ಕಿಂತ ದೊಡ್ಡ ಏಟು ನನಗೆ ಬಿದ್ದಿಲ್ಲ.

ಈ ವರ್ಷ ಮತ್ತೆ ಸಮಿತಿ ಬರುವ ದಿನ ಹತ್ತಿರ ಬಂತು. ರಿಜಿಸ್ಟರಿನಲ್ಲಿ ಬಟ್ಟೆ ವಿಭಾಗದ್ದು ಐವತ್ತೆಂಟು. ಸಾರ್ ಕರೆದರು.

"ಹೋದ ವರ್ಷದ ಥರಾನೇ ಮಾಡಮ್ಮ. ಇನ್ನೂ ಎರಡು ಭಾಗ ಬೇಕಾದ್ರೆ ಸೇರ್ಸು. ಆಮೇಲೆ, ಆಯಮ್ಮ ನಿಮ್ಮ ಚಿಕ್ಕಮ್ಮ ಅಂತೆ? ಹೇಳ್ಲೇ ಇಲ್ವಲ್ಲ! ಅವ್ರನ್ನ ಮೇಲೆ ಕರೆಸ್ಕೊಳಣ. ಔಷಧಿ ಅಂಗಡಿ ಹತ್ರ ಕೂತು ಚೀಟಿ ಕೊಡೋ ಕೆಲಸ. ನೆರಳು, ಕುರ್ಚಿ. ಅವ್ರೊಬ್ರಿಗೆ ಒಳ್ಳೆ ಕೈಗವಸೂ ಕೊಡ್ಸೋಣ."

ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಆ ಕುರ್ಚಿಯಲ್ಲಿ ಚಿಕ್ಕಮ್ಮನನ್ನು ಕೂರಿಸಿದರೆ ನನ್ನ ಪಾಪ ಅರ್ಧ ತೊಳೆದ ಹಾಗೆ ಅಂತ ಲೆಕ್ಕ ಹಾಕಿದೆ. ಓಡೋಡಿ ಕೆಳಗೆ ಹೋಗಿ ಹೇಳಿದೆ. ಅವಳು ಗಂಟು ಬಿಚ್ಚುತ್ತಿದ್ದಳು. ಸುತ್ತ ಉಳಿದವರಿದ್ದರು. ಮೂಗು ಮುಚ್ಚುವ ನಾತ.

"ಚೀಟಿ ಕೊಡಕ್ಕೆ ಕೈಗವಸು ಯಾಕೆ?" ಅಂದಳು ಚಿಕ್ಕಮ್ಮ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ನನ್ನನ್ನ ಮೇಲೆ ಕೂರ್ಸಿದ್ರೆ ಈ ಗಂಟು ಯಾರು ಬಿಚ್ತಾರೆ? ಇವಳು ಬಿಚ್ತಾಳೆ. ನಂಗೆ ಬಂದಿದ್ದು ಇವಳಿಗೆ ಬರುತ್ತೆ. ಹೋದ ವರ್ಷ ಒಡೆದು ಎಂಟು ಮಾಡ್ದೆ. ಈ ವರ್ಷ ನನ್ನ ಕಿತ್ತು ಒಂಬತ್ತು ಮಾಡ್ತೀಯಾ? ಬೇಡ. ಹೋಗಿ ನಿಮ್ಮ ಸಾರ್‌ಗೆ ಹೇಳು, ಬೇಡ ಅಂದ್ಲು ಅಂತ."

ಬಿಚ್ಚುತ್ತಿದ್ದ ಗಂಟನ್ನು ಅವಳು ಮತ್ತೆ ಕಟ್ಟಿದಳು. ಬಿಗಿಯಾಗಿ, ಎರಡು ಗಂಟು ಹಾಕಿ. ಪಕ್ಕಕ್ಕಿಟ್ಟು ಗೋಡೆಗೆ ಒರಗಿ ನಿಂತಳು.

"ಸೂಜಿ ಆರಿಸಿ ಕಳಿಸ್ಲಿ. ಆಮೇಲೆ ಬಿಚ್ತೀನಿ."

ಗಟ್ಟಿಬಾಯಿ ತನ್ನ ಗಂಟನ್ನು ಅದರ ಮೇಲೆ ಎಸೆದಳು. ಇನ್ನೊಬ್ಬಳು ಎಸೆದಳು. ಮಿಷನ್ನು ನಿಂತಿತು. ಕೊಳವೆಯಿಂದ ಗಂಟುಗಳು ಬೀಳುತ್ತಲೇ ಇದ್ದವು. ಯಾರೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಕೊಳವೆ ಬಾಯಿವರೆಗೆ ಕಟ್ಟಿಕೊಂಡಿತು. ಮಧ್ಯಾಹ್ನಕ್ಕೆ ಮೇಲಿನ ವಾರ್ಡುಗಳಲ್ಲಿ ಹಾಸಲು ಬಟ್ಟೆ ಇರಲಿಲ್ಲ. ಗುತ್ತಿಗೆದಾರ ಬಂದು ಕೂಗಾಡಿದ, ಎಲ್ಲರನ್ನೂ ಕಿತ್ತುಹಾಕ್ತೀನಿ ಅಂದ.

"ಹಾಕಪ್ಪ," ಅಂದಳು ಗಟ್ಟಿಬಾಯಿ. "ಮೊದ್ಲು ನೀನೊಂದು ಗಂಟು ಬಿಚ್ಚಿ ತೋರ್ಸು." ಅವನು ಗಂಟಿನ ಹತ್ತಿರವೂ ಸುಳಿಯಲಿಲ್ಲ.

ಅವತ್ತೇ ಮಧ್ಯಾಹ್ನ ಮೂರಕ್ಕೆ ಸಮಿತಿ ಸೇರಿತು. ಅದೇ ನರೆಗೂದಲಿನ ಡಾಕ್ಟರಮ್ಮ. ಸಾರ್ ನನ್ನತ್ತ ನೋಡಿ ತಲೆಯಾಡಿಸಿದರು. ನಾನು ಚಾರ್ಟ್ ಹಾಕಿದೆ. ನಾಲ್ಕು ಕಂಬ. ಬುಡ ಸೊನ್ನೆಯಿಂದ. ಬಟ್ಟೆ ವಿಭಾಗದ್ದಕ್ಕೆ ಕಡುಗೆಂಪು, ಉಳಿದದ್ದಕ್ಕೆ ಬೂದಿ. ಐವತ್ತೆಂಟು.

ಸಾರ್ ಎದ್ದು ನಿಂತರು. "ತಪ್ಪು ಫೈಲ್ ಹಾಕಿದಾಳೆ ಮೇಡಂ. ತೆಗಿಯಮ್ಮ ಅದನ್ನ."

"ಇದೇ ಸರಿ ಸಾರ್. ತೆಗೆಯಲ್ಲ."

ಡಾಕ್ಟರಮ್ಮ ಹೋದ ವರ್ಷದ ವರದಿ ತಿರುವಿದರು. "ಹೋದ ಸಲ ಇಷ್ಟು ಎತ್ತರದ್ದು ಯಾವುದೂ ಇರಲಿಲ್ಲವಲ್ಲ. ಒಂದೇ ವರ್ಷಕ್ಕೆ ಇಷ್ಟು ಏರಿತಾ?"

"ಇಲ್ಲ ಮೇಡಂ. ಹೋದ ಸಲ ನಲವತ್ತೊಂದು ಇತ್ತು. ನಾನು ಒಡೆದು ಎಂಟು ಮಾಡಿದ್ದೆ. ನಿಮಗೆ ಕಾಣಬಾರದು ಅಂತ."

ಡಾಕ್ಟರಮ್ಮ ವರದಿ ಮುಚ್ಚಿದರು.

"ಯಾರು ಹೇಳಿದ್ದು ಹಾಗೆ ಮಾಡೋಕೆ?"

ಕುಂಬಳಕಾಯಿ ಕಳ್ಳ ಅಂದ ಹಾಗೆ ಸಾರ್ ಹೆಗಲು ಮುಟ್ಟಿಕೊಂಡರು. ಬೇರೆ ಥರ ತೋರಿಸು ಅಂದವರು ಅವರು, ಅದನ್ನು ಹೇಳಿದೆ. ಉಪಾಯ ನನ್ನದು, ಅದನ್ನೂ ಹೇಳಿದೆ. ಖಾಯಂ ಆಗುವ ಆಸೆಗೆ ಮಾಡಿದೆ ಅಂದೆ. ಅದರಿಂದ ಕೆಳಗೆ ಒಬ್ಬಳಿಗೆ ವಾಸಿಯಾಗದ ಕಾಯಿಲೆ ಬಂತು, ಅವಳು ನನ್ನ ಚಿಕ್ಕಮ್ಮ ಅಂದೆ. ಆ ಕೋಣೆಯಲ್ಲಿ ಆ ಮಾತು ಮೊದಲ ಸಲ ಹೇಳಿದೆ. ಹಗುರವಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ.

ಡಾಕ್ಟರಮ್ಮ ಕೆಳಗಿಳಿದು ಹೋಗಿ ನೋಡಿದರು. ಗಂಟುಗಳ ಗುಡ್ಡ ನೋಡಿದರು, ಮೂವತ್ತೆರಡು ಜೋಡಿ ಕೈ ನೋಡಿದರು. ಐದನೇ ದಿನಕ್ಕೆ ದಪ್ಪ ಕೈಗವಸು ಬಂತು. ವಾರ್ಡುಗಳಲ್ಲಿ ಮಂಚಕ್ಕೊಂದು ಸೂಜಿ ಡಬ್ಬಿ ಬಂತು. ಆಮೇಲೆಯೇ ಹೆಂಗಸರು ಮೊದಲ ಗಂಟು ಬಿಚ್ಚಿದ್ದು. ಸಾರ್ ಎಲ್ಲಿದ್ದರೋ ಅಲ್ಲೇ ಇದ್ದಾರೆ. ನನಗೆ ವಿಚಾರಣೆಯ ನೋಟೀಸು ಬಂದಿದೆ. ಬರಬೇಕಾದದ್ದೇ.

ಹತ್ತನೇ ದಿನ ಲಸಿಕೆ ಹಾಕಲು ಒಬ್ಬ ಹೊಸ ನರ್ಸು ಪೆಟ್ಟಿಗೆ ಹಿಡಿದು ಕೆಳಗೆ ಬಂದಳು. ಪಟ್ಟಿ ಮಾಡಿಕೊಡಲು ನನ್ನನ್ನು ಕಳಿಸಿದ್ದರು. ಹೆಂಗಸರು ಸಾಲಾಗಿ ನಿಂತರು. ಚಿಕ್ಕಮ್ಮ ಸಾಲಿನ ಪಕ್ಕದಲ್ಲಿ ನಿಂತು ಒಬ್ಬೊಬ್ಬರ ರವಿಕೆಯ ತೋಳು ಮಡಿಸಿ ಮೇಲೆತ್ತಿ ಕೊಡುತ್ತಿದ್ದಳು. ಸೂಜಿ ಅಂದರೆ ಇಷ್ಟು ಹೆದರ್ತೀಯಲ್ಲೇ ಅಂತ ಗಟ್ಟಿಬಾಯಿಯನ್ನು ರೇಗಿಸಿದಳು. ಅವಳ ಕಣ್ಣು ಆಗಲೂ ಸ್ವಲ್ಪ ಹಳದಿಯೇ.

ಮೂವತ್ತೊಂದಾಯಿತು. ನರ್ಸು ಪಟ್ಟಿ ನೋಡಿದಳು.

"ಇನ್ನೊಬ್ರು ಬಾಕಿ ಇದಾರಲ್ಲ."

"ಅವರಿಗೆ ಬೇಡ," ಅಂದೆ. "ಆಗಲೇ ಬಂದುಬಿಟ್ಟಿದೆ. ಇನ್ನು ಹಾಕಿ ಪ್ರಯೋಜನ ಇಲ್ಲ."

"ಓ. ಲಸಿಕೆ ಹಾಕದೆ ಇದ್ರೆ ಕಾರಣ ಬರೀಬೇಕು. ಏನಂತ ಬರೀಲಿ?"

ಚಿಕ್ಕಮ್ಮ ಕೊನೆಯವಳ ತೋಳು ಇಳಿಸುತ್ತಿದ್ದಳು. ಇತ್ತ ತಿರುಗಿದಳು. ನನ್ನನ್ನೇ ನೋಡುತ್ತಾ ನಿಂತಳು.

"ನನ್ನ ಹೆಸರು ಬರೀರಿ," ಅಂದೆ.